ಬಸ್ರಾದ ತನಕ ಹೋಗುವ ಹಡಗು

ಯಜಮಾನರೇ, ಶರಣು.

ನಾವಿಬ್ಬರೂ ಕೊಳ್ಳಬೇಕೆಂದಿದ್ದ ಹಾಯಿಹಡಗನ್ನು, ನೀವು ಕಣ್ಮುಚ್ಚಿದ ಮೇಲೆ, ಕೊನೆಗೂ ಕೊಂಡೆ. ತಾಂಡೂರಿನಿಂದ ನಿಜಾಮರ ರೈಲು ಹತ್ತಿ ಮುಂಬಯಿಗೆ ಒಬ್ಬಳೇ ಹೋದೆ. ಬಂದರಿನ ದಲಾಲರೆಲ್ಲ ಜೊತೆಗೆ ಗಂಡಸರಿಲ್ಲವೇ ಎಂದು ಕೇಳಿದರು. ನಾರಾಯಣಖೇಡದಿಂದ ಹೋಗಿ ಅಲ್ಲಿ ನೆಲೆಸಿದ ದಲಾಲ ಬಂಡೆಪ್ಪನೊಬ್ಬನೇ, “ಎಲ್ಲಿ ತನಕ ಹೋಗಬೇಕ್ರಿ ಅವ್ವಾ?” ಎಂದ.

“ಬಸ್ರಾದ ತನಕ, ನಮ್ಮ ತೊಗರಿಬ್ಯಾಳಿ ಒಯ್ಯಾಕ.”

ನಾನು ಮೆಚ್ಚಿದ ಹಡಗಿನ ತಳಕ್ಕಿಳಿದು ಹಲಗೆ ಕುಟ್ಟಿ ನೋಡಿ, “ಇದು ಬ್ಯಾಡ್ರಿ, ಹುಳ ಹತ್ಯಾವ. ಅಷ್ಟು ದೂರ ತಾಳಂಗಿಲ್ಲ” ಎಂದ. ಗಟ್ಟಿಯಾದದ್ದನ್ನು ಅವನೇ ಹುಡುಕಿಕೊಟ್ಟ.

ಅಂಗಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ನನಗೆ ವ್ಯಾಪಾರ ಕಲಿಸಿದವರು ನೀವು. ಇಲ್ಲದಿದ್ದರೆ ಆ ಬಂದರಿನಲ್ಲಿ ನಿಲ್ಲುವ ಧೈರ್ಯ ನನಗೆಲ್ಲಿತ್ತು?

“ಹಡಗಿಗೆ ಹೆಸರೇನ್ರಿ?” ಎಂದು ಬಂಡೆಪ್ಪ ಕೇಳಿದ. ಗಂಡನ ಹೆಸರು ಹೇಳಬಾರದೆಂದು ಬೆಳೆದವಳು ನಾನು. ಅಷ್ಟು ಜನರೆದುರು ಬಾಯಿತುಂಬ ಹೇಳಿದೆ: “ರೇವಪ್ಪ.”

ನಿಮ್ಮ ಸುಗಲಾಬಾಯಿ