ಬಿಳಿ ಹಾಸಿನ ಮೇಲೆ ಹಳದಿ ಬೆರಳಚ್ಚು

ಮಾರ್ಚ್ 14, ಶುಕ್ರವಾರ ಬೆಳಗ್ಗೆ

ಮಗಳೇ,

ನಲವತ್ತೊಂದು ವರ್ಷದಿಂದ ಈ ಲಾಂಡ್ರಿಯ ಯಜಮಾನಿ ನಾನು. ಎರಡು ಆಸ್ಪತ್ರೆಗಳ ಹಾಸುಬಟ್ಟೆ ನನ್ನ ತಾರಸಿಯ ಮೇಲೆ ಒಣಗುತ್ತದೆ. ನನ್ನೆದುರು ದನಿ ಎತ್ತಿದವರಿಲ್ಲ. ಅಂಥವಳು ನಿನ್ನ ಮೂರು ಪತ್ರಗಳಿಗೆ ಉತ್ತರ ಬರೆಯಲಾರದೆ ಕೂತಿದ್ದೆ. ಅಮ್ಮನಿಗೆ ಕೈನೋವು ಎಂದು ನಿನ್ನ ಅಣ್ಣ ಹೇಳಿದನಂತೆ. ಸುಳ್ಳು. ಕೈ ಚೆನ್ನಾಗಿಯೇ ಇದೆ.

ನಿನ್ನ ಅತ್ತಿಗೆ ತೀರಿಹೋಗಿ ನಾಳೆಗೆ ಐದು ತಿಂಗಳು. ಅವಳಿಗೆ ಬಂದಂಥ ಚರ್ಮದ ಕ್ಯಾನ್ಸರ್ ಬಿಸಿಲಿನಿಂದ ಬರುತ್ತದೆಯೇ ಎಂದು ಕೇಳಿದ್ದೀಯ. ನಾನೂ ಡಾಕ್ಟರಮ್ಮನನ್ನು ಅದನ್ನೇ ಕೇಳಿದೆ. ಬಿಸಿಲೊಂದೇ ಕಾರಣ ಎನ್ನಲಾಗದು, ಆದರೆ ವರ್ಷಗಟ್ಟಲೆ ಮಟಮಟ ಮಧ್ಯಾಹ್ನ ನಿಂತದ್ದು ಒಳ್ಳೆಯದಂತೂ ಮಾಡಿಲ್ಲ ಎಂದರು.

ನಮ್ಮಲ್ಲಿ ಹರವುವುದು ಹನ್ನೊಂದಕ್ಕೆ, ಇಳಿಸುವುದು ಮೂರಕ್ಕೆ. ಬಿಳಿ ಬೆಳ್ಳಗಾಗುವುದು ಆ ಬಿಸಿಲಿಗೇ ಎಂದು ನನ್ನ ಕಟ್ಟಪ್ಪಣೆ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಅವಳು ಸನ್‌ಸ್ಕ್ರೀನ್ ತಂದು ಹಚ್ಚಿಕೊಂಡಳು. ಆ ವಾರ ಹದಿನಾರು ಹಾಸುಗಳ ಮೇಲೆ ಹಳದಿ ಬೆರಳಚ್ಚು. ಉಜ್ಜಿದಷ್ಟೂ ತುಕ್ಕಿನ ಬಣ್ಣಕ್ಕೆ ತಿರುಗಿತು. ಎಲ್ಲರೆದುರು ಜಾಡಿಸಿದೆ: "ಮಹಾರಾಣಿಯವರ ಬಣ್ಣ ಕೆಡುತ್ತೇನೋ! ಇಷ್ಟು ವರ್ಷ ಸುಟ್ಕೊಂಡ ನಾನೇನು ಸತ್ತುಹೋದ್ನಾ?"

"ಇಲ್ಲ ಅತ್ತೆ, ನೀವು ಬಿಸಿಲನ್ನೇ ಹೆದರಿಸಿ ಇಟ್ಟಿದ್ದೀರಿ" ಅಂದಳು. ಇಸ್ತ್ರಿಯವನು ಗೊಳ್ಳೆಂದು ನಕ್ಕ. ಕ್ರೀಮು ಕಸಕ್ಕೆ ಹೋಯಿತು. ಹನ್ನೆರಡು ವರ್ಷ ಅವಳು ಬೆನ್ನು ಕತ್ತು ಬಿಸಿಲಿಗೆ ಕೊಟ್ಟು ಹರವಿದಳು.

ಅವಳು ಹೋದ ಮೇಲೆ ನಾನು ಅವಳ ಕೂಸು ಗುಬ್ಬಿಯನ್ನು ಮನೆಯೊಳಗೆ ಕೂಡಿಹಾಕಿದೆ. ಅವಳು ಬಿಟ್ಟುಹೋದದ್ದು ಈ ಮಗು ಒಂದನ್ನೇ ಅಲ್ಲವೇ? ಕಿಟಕಿಗೆ ದಪ್ಪ ಪರದೆ, ಆಟವಿಲ್ಲ, ಮನೆಯೊಳಗೂ ಮೈತುಂಬ ಕ್ರೀಮು. ಹೋದ ವಾರ ಕಾಲುನೋವೆಂದು ಅತ್ತಿತು. ರಕ್ತಪರೀಕ್ಷೆ ನೋಡಿ ಡಾಕ್ಟರಮ್ಮ ಗದರಿದರು: "ಏನಜ್ಜಿ, ಮಗೂನ ಬೀರುವಿನಲ್ಲಿ ಇಟ್ಟಿದ್ದೀರಾ? ಡಿ ವಿಟಮಿನ್ ತಳ ಕಂಡಿದೆ. ಈ ಔಷಧಿ ಕೊಡಿ, ಬೆಳಗ್ಗೆ ಸ್ವಲ್ಪ ಹೊತ್ತು ಹೊರಗೆ ಬಿಡಿ. ನಡುಮಧ್ಯಾಹ್ನ ನೆರಳು, ಟೋಪಿ. ಹೊರಗಿರಲೇಬೇಕಾದ್ರೆ ಆಗ ಕ್ರೀಮು." ಇಷ್ಟೇ. ಇಷ್ಟು ಕೇಳಿಸಿಕೊಳ್ಳಲು ನನಗೆ ಒಂದು ಜೀವ ಬೇಕಾಯಿತು.

ಸೋಮವಾರದಿಂದ ಏಳಕ್ಕೇ ಹರವಿ, ನಾಲ್ಕು ಕಳೆದ ಮೇಲೆ ಇಳಿಸುತ್ತಿದ್ದೇವೆ. ಕೆಲಸದ ಹೆಂಗಸರಿಗೆ ಟೋಪಿ, ಉದ್ದ ತೋಳು, ಕ್ರೀಮು. ಹಾಸು ಮುಟ್ಟುವ ಮುಂಚೆ ಕೈಗೆ ಹತ್ತಿಯ ಗವಸು. ಗವಸು ಕಣೇ! ಹನ್ನೆರಡು ವರ್ಷ ನನಗೆ ಹೊಳೆಯಲಿಲ್ಲ.

ನಿನ್ನ ಅಣ್ಣನಿಗೆ ಸತ್ತವಳ ಮೇಲೇ ಸಿಟ್ಟು. "ಕತ್ತಿನ ಹಿಂದೆ ಅಂಥ ಮಚ್ಚೆ, ಯಾರಿಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಅಮ್ಮ?" ಎಂದು ತಟ್ಟೆ ಮುಂದೆ ಕೂತಾಗಲೆಲ್ಲ ಕೇಳುತ್ತಿದ್ದ. ನಾನು ಸಾರು ಬಡಿಸುತ್ತಿದ್ದೆ. ನಿನ್ನ ಪತ್ರಗಳಲ್ಲೂ ಅದೇ ಪ್ರಶ್ನೆ.

ನಿನ್ನ ಮೈ ನೀನು ನೋಡಿಕೋ. ನೀನೂ ಮಕ್ಕಳೂ ನೂರು ಕಾಲ ಬಾಳಿ.

ನಿನ್ನ ಅಮ್ಮ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಅವಳು ಹೇಳಿದ್ದಳು. ನನಗೇ. ಎರಡು ವರ್ಷದ ಹಿಂದೆ, ತಾರಸಿಯಲ್ಲಿ, ಜಡೆ ಎತ್ತಿ ಹಿಡಿದು, "ಅತ್ತೆ, ಇಲ್ಲೇನೋ ಕಪ್ಪಗೆ ದಪ್ಪ ಆಗ್ತಿದೆ, ನೋಡ್ತೀರಾ?" ಅಂದಳು. "ಮೊದಲು ಹಾಸು ಇಳಿಸು, ಆಮೇಲೆ ನಿನ್ನ ಚೆಂದ ನೋಡೋಣ" ಅಂದೆ. ನೋಡಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ನಿನ್ನೆ ಅಂಗಡಿ ತೆರೆಯುವ ಮೊದಲು ನಿನ್ನ ಅಣ್ಣನನ್ನು ಎದುರು ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ, ನಾನಂದ ಮಾತನ್ನೂ ಬಿಡದೆ.