ಇನ್ನೂರ ಹನ್ನೆರಡನೆಯ ಪುಟ

ಕರಾಕೋಲ್
ಡಿಸೆಂಬರ್ ೨೮, ೨೦೧೮

ಮಹಾಜನರೇ! ಮುಂದಿನ ಸಾಲಿನ ದೊರೆಗಳೇ, ಹಿಂದಿನ ಬೆಂಚಿನ ದಣಿಗಳೇ, ಬಾಗಿಲಲ್ಲಿ ನಿಂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಿರುವ ತಾಯಂದಿರೇ! ಕಿವಿಗೊಟ್ಟು ಕೇಳಿ!

ನನ್ನ ಕಾಲಿಪಾ,

ನಗಬೇಡ. ಎದುರಿಗೆ ಸಭೆ ಇಲ್ಲದಿದ್ದರೆ ನನಗೆ ಮಾತೇ ಬರುವುದಿಲ್ಲ, ನಿನಗೆ ಗೊತ್ತು. ಬಿಟ್ಟುಹೋದ ಹೆಂಡತಿಗೆ ಇಪ್ಪತ್ತೆಂಟು ವರ್ಷ ಒಂದೂ ಕಾಗದ ಬರೆಯದ ಗಂಡ, ಅವಳ ಮುಂದೆ ಒಬ್ಬನೇ ನಿಲ್ಲುವುದು ಹೇಗೆ? ಅದಕ್ಕೇ ನಾಲ್ಕು ಗೋಡೆಗಳನ್ನು ಪ್ರೇಕ್ಷಕರೆಂದು ಕೂರಿಸಿಕೊಂಡಿದ್ದೇನೆ.

ಈ ಜನವರಿಯಲ್ಲಿ ಗ್ರಂಥಾಲಯದ ರಾಹಿಮಾ ಒಂದು ಹಲಗೆ ನೇತುಹಾಕಿದಳು. ವರ್ಷದೊಳಗೆ ಹನ್ನೆರಡು ಹಳೆಯ ಕಾದಂಬರಿ ಓದುವ ಪಂಥ. ಪಾಳು ಕೋಟೆ, ಬೀಗ ಜಡಿದ ಕೋಣೆ, ಮುಸುಕಿನ ಹೆಂಗಸು ಇರುವ ಭಯದ ಕಥೆಗಳೂ ಸೇರಿರಬೇಕು.

"ತಾತಾ, ನಿಮಗ್ಯಾಕೆ ಇದು? ಕನ್ನಡಕ ಹುಡುಕೋದ್ರಲ್ಲೇ ವರ್ಷ ಕಳೆದುಹೋಗುತ್ತೆ," ಎಂದಳು.

"ಏನಂದೆ ಮಗಳೇ! ಮೂವತ್ತು ವರ್ಷ ರಂಗದ ಮೇಲೆ ಖಾನನ ಕಿರೀಟ ಹೊತ್ತ ತಲೆ ಇದು!" ಎಂದು ಗುಡುಗಿ, ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದಪ್ಪಕ್ಷರದಲ್ಲಿ ನನ್ನ ಹೆಸರು ಬರೆದೆ. ಪುಸ್ತಕಕ್ಕೆ ಅಲೆಯಬೇಕಾಗಿರಲಿಲ್ಲ. ನಮ್ಮ ಗಾಜಿನ ಬೀರು ಇತ್ತಲ್ಲ.

ಆ ಬೀರುವಿನ ಕಥೆ ಸಭೆಗೆ ಗೊತ್ತಿಲ್ಲ, ಹೇಳಬೇಕು. ಸೋವಿಯತ್ ಕಾಲದಲ್ಲಿ ಒಳ್ಳೆಯ ಕಾದಂಬರಿ ಸುಮ್ಮನೆ ಸಿಗುತ್ತಿರಲಿಲ್ಲ. ಇಪ್ಪತ್ತು ಕಿಲೋ ರದ್ದಿ ತೂಗಿಸಿದರೆ ಒಂದು ಚೀಟಿ, ಆ ಚೀಟಿ ಇದ್ದವನಿಗೆ ಮಾತ್ರ ಪುಸ್ತಕ. ಹಳೆಯ ಪತ್ರಿಕೆ, ನಾಟಕದ ಭಿತ್ತಿಪತ್ರ ಹೊತ್ತು ಹೊತ್ತು ನಾನು ಹನ್ನೆರಡು ಗೆದ್ದೆ. ಪುಸ್ತಕಗಳ ಬೆನ್ನ ಮೇಲೆ ಚಿನ್ನದಕ್ಷರ!

"ಎಲ್ಲಾ ಓದಿದೀಯೇನೋ ತೊಕ್ತೊಸುನ್?" ಎಂದು ಅತಿಥಿಗಳು ಕೇಳಿದರೆ, "ಓದೋದೇನು, ಬಾಯಿಪಾಠ!" ಎನ್ನುತ್ತಿದ್ದೆ. ನೀನು ಚಹಾ ಬಗ್ಗಿಸುತ್ತಿದ್ದೆ. ರಂಗಮಂದಿರದಲ್ಲೂ ಹಾಗೇ. ವೇದಿಕೆಯ ಕೆಳಗಿನ ಗೂಡಿನಲ್ಲಿ ಕೂತು ನಾನು ಮರೆತ ಮಾತು ಎತ್ತಿಕೊಡುವವಳು ನೀನು, ಚಪ್ಪಾಳೆ ನನಗೆ.

ಹನ್ನೆರಡನೆಯ ಪುಸ್ತಕಕ್ಕೆ, ೧೯೮೩ರ ಚಳಿಗಾಲದಲ್ಲಿ, ಮೂರು ಕಿಲೋ ಕಡಿಮೆ ಬಿತ್ತು. ಮನೆಗೆ ಓಡಿ ಪೆಟ್ಟಿಗೆಯ ಮೇಲಿದ್ದ ಕಟ್ಟೊಂದನ್ನು ಎತ್ತಿಕೊಂಡು ಹೋದೆ. ಅದು ನೀನು ಏಳು ವರ್ಷ ಕೂತು ಬರೆದ ಕಾದಂಬರಿ. ಐದು ದಪ್ಪ ನೋಟುಪುಸ್ತಕ, ಬೇರೆ ಪ್ರತಿ ಇಲ್ಲ. ಅವಸರದಲ್ಲಿ ನೋಡಲಿಲ್ಲ, ಕಾಲಿಪಾ. ನೀನು ಮನೆಯೆಲ್ಲ ಹುಡುಕುವಾಗ, ಇಲಿ ಎಳೆದುಕೊಂಡು ಹೋಗಿರಬೇಕು ಎಂದೆ.

ವಾರ ಬಿಟ್ಟು, ಎಂದಿನಂತೆ ಮಗಳ ಹೆಸರು ಹಿಡಿದೇ ನನ್ನನ್ನು ಕರೆದು ಕೇಳಿದೆ ನೀನು: "ಮೂರು ಕಿಲೋ ಕಾಗದ ತಿಂದ ಇಲಿ ಎಲ್ಲಿ ಬಿದ್ಕೊಂಡಿದೆ, ಜಿಪಾರಳಪ್ಪಾ? ಪಾಪ, ಹೊಟ್ಟೆ ಉಬ್ಬಿರ್ಬೇಕು."

ನಾನು ನಕ್ಕುಬಿಟ್ಟೆ. ತೂಕ ನಿನಗೆ ಹೇಗೆ ಗೊತ್ತಾಯಿತೆಂದು ಯೋಚಿಸಲಿಲ್ಲ.

ತೊಂಬತ್ತರ ಜನವರಿಯಲ್ಲಿ ನೀನು ಮಗಳನ್ನು ಕರೆದುಕೊಂಡು ತಲಾಸಿಗೆ, ನಿನ್ನ ಅಕ್ಕನ ಮನೆಗೆ ಹೊರಟೆ. "ಒಲೆ ಮೇಲೆ ನೀರಿದೆ, ನೋಡ್ಕೊಳ್ಳಿ," ಎಂದೆ, ಅಷ್ಟೇ. ಕಲಾವಿದನ ಜೊತೆ ಬಾಳುವ ಯೋಗ್ಯತೆ ಇಲ್ಲದವಳು ಎಂದು ನಾನು ಊರಿಗೆಲ್ಲ ಸಾರಿದೆ.

ಈ ವರ್ಷ ಹನ್ನೊಂದು ಓದಿದೆ. ಆ ಭಯದ ಕಥೆಗಳಲ್ಲೆಲ್ಲ ಮನೆಯ ಯಾವುದೋ ಮೂಲೆಯಲ್ಲಿ ಹೆಂಗಸೊಬ್ಬಳ ಕಾಗದ ಅಡಗಿರುತ್ತದೆ, ಗಂಡಸಿಗೆ ಸಿಗುವಷ್ಟರಲ್ಲಿ ಕಾಲ ಮಿಂಚಿರುತ್ತದೆ. "ಮೂರ್ಖ! ಕುರುಡ!" ಎಂದು ಅವನನ್ನು ಬಯ್ಯುತ್ತ ಓದಿದೆ. ನಿನ್ನೆ ಮಧ್ಯಾಹ್ನ, ಆ ಮೂರು ಕಿಲೋ ಸೇರಿಸಿ ತಂದಿದ್ದ ಹನ್ನೆರಡನೆಯದರಲ್ಲಿ ಇನ್ನೂರ ಹನ್ನೆರಡನೆಯ ಪುಟಕ್ಕೆ ಬಂದೆ. ಅಂಚಿನಲ್ಲಿ ನಿನ್ನ ಅಕ್ಷರ.

"ಜಿಪಾರಳಪ್ಪಾ, ತಕ್ಕಡಿಯವಳು ಎಲ್ಲಾ ಹೇಳಿದ್ಲು. ನಾನಾಗಿ ಕೇಳಲ್ಲ. ಈ ಪುಟ ಓದಿದ ದಿನ ಬಂದು ನೀವೇ ಹೇಳಿ. ಕ್ಷಮಿಸಿಬಿಡ್ತೀನಿ."

ಅದರ ಕೆಳಗೆ, "೧೯೮೪, ಮೊದಲ ಹಿಮ. ಇನ್ನೂ ತೆರೆದಿಲ್ಲ." ಹೀಗೇ ಎಂಬತ್ತೈದು, ಎಂಬತ್ತಾರು... ವರ್ಷಕ್ಕೊಂದು ಸಾಲು. ಕೊನೆಯದು ಎಂಬತ್ತೊಂಬತ್ತರದು: "ನಿನ್ನೆ ಅತಿಥಿಗಳಿಗೆ ಈ ಪುಸ್ತಕದ ಕೊನೆ ಅಭಿನಯಿಸಿ ತೋರಿಸಿದ್ರಿ. ಕೊನೆ ಹಾಗಿಲ್ಲ."

ಕನ್ನಡಕ ತೆಗೆದಿಟ್ಟೆ. ದುಃಖಕ್ಕಿಂತ ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ರಂಗದ ಮೇಲೆ ಅರ್ಧ ಪದ ತಪ್ಪಿದರೂ ಪಿಸುಗುಡುತ್ತಿದ್ದವಳು ನೀನು. ಆರು ವರ್ಷ ಒಂದೇ ಚಾಪೆಯ ಮೇಲೆ ಕೂತು, ಒಂದೇ ಬಟ್ಟಲಿನ ಕರಿದ ಬೋರ್ಸೋಕ್ ತಿಂದು, ಆ ಒಂದು ಮಾತನ್ನು ಮಾತ್ರ ಯಾಕೆ ಎತ್ತಿಕೊಡಲಿಲ್ಲ? ಗಂಡ ಬೀಳುವುದನ್ನು ಗೂಡಿನಿಂದ ನೋಡುತ್ತ ಕೂತೆಯಲ್ಲ, ನೀನೂ ಕಲ್ಲೇ.

ಪುಟ ಓದಿದ್ದೇನೆ, ರಾತ್ರಿಯೇ ಪುಸ್ತಕವನ್ನೂ ಮುಗಿಸಿದ್ದೇನೆ. ಬಂದು ಹೇಳಲು ನೀನು ಈ ಮನೆಯಲ್ಲಿಲ್ಲ, ಬರೆದು ಹೇಳಿದ್ದೇನೆ. ಆ ಕ್ಷಮೆ ಇನ್ನೂ ಉಳಿದಿದೆಯೇ?

ಇಂತಿ,
ಊರಿಗೆಲ್ಲ ಖಾನ, ನಿನಗೆ ಬರೀ
ತೊಕ್ತೊಸುನ್

ಮತ್ತೊಂದು ಮಾತು: ಅವಸರದಲ್ಲಿ ನೋಡಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಅದರ ಹಿಂದಿನ ವಾರವೇ ನಿನ್ನ ಮೊದಲ ನೋಟುಪುಸ್ತಕ ಕದ್ದು ಓದಿದ್ದೆ. ಹೆಂಡತಿ ಎತ್ತಿಕೊಡದಿದ್ದರೆ ಬಾಯಲ್ಲಿ ಒಂದು ಮಾತೂ ಇಲ್ಲದ ನಟನ ಕಥೆ. ಚೆನ್ನಾಗಿತ್ತು, ಕಾಲಿಪಾ. ಇಡೀ ಊರು ಓದಿ ನಗುವಷ್ಟು ಚೆನ್ನಾಗಿತ್ತು. ಅದಕ್ಕೆ ಹೆದರಿಯೇ ತಕ್ಕಡಿಗೆ ಹಾಕಿದೆ. ನಾಳೆ ಬೆಳಿಗ್ಗೆ ಪಂಥ ಗೆದ್ದವನೆಂದು ರಾಹಿಮಾ ಎಲ್ಲರೆದುರು ನನಗೆ ಹೊಸ ಬಿಳಿ ಟೋಪಿ ತೊಡಿಸುತ್ತಾಳಂತೆ. ಅದನ್ನು ಕೈಯಲ್ಲಿ ಹಿಡಿದು ನಿಂತು, ಈ ಕೊನೆಯ ಮಾತನ್ನೇ ಮೊದಲು ಹೇಳುತ್ತೇನೆ. ನಡುವೆ ತಪ್ಪಿದರೆ ಎತ್ತಿಕೊಡುವವರು ಯಾರೂ ಇರುವುದಿಲ್ಲ.