ಟಿಪ್ಪಣಿಯ ಕೆಳಗಿನ ಸಾಲು

ಗದಗ, ಕ್ರಿ.ಶ. ೨೩೮೧, ಮಳೆತಿಂಗಳ ಮೂವತ್ತನಾಲ್ಕು
(ನಮ್ಮಲ್ಲಿ ತಿಂಗಳಿಗೆ ಮೂವತ್ತಾರು ದಿನ, ವರ್ಷದಲ್ಲಿ ಮಿಕ್ಕ ಐದನ್ನು ಮದುವೆಗಳಿಗೆ ಬಿಟ್ಟಿದ್ದೇವೆ.)

ಶ್ರೀಮತಿ ಸುಮಂಗಲಾ ಹೊಂಬಳ ಅವರಿಗೆ ಫಕೀರಪ್ಪ ಸೊರಟೂರನ ನಮಸ್ಕಾರಗಳು.

ನನ್ನ ಕನ್ನಡ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಲಗ್ನಪತ್ರಿಕೆಗಳನ್ನು ಓದಿ ಕಲಿತದ್ದು. ಈ ಪತ್ರ ಹಿಂದಂಚೆಯಲ್ಲಿ, ಅಂದರೆ ಕಾಲದ ಹಿಂದಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಹೋಗಲು ಒಂದು ಹಾಳೆ, ಬರಲು ಒಂದು ಹಾಳೆ, ಅಷ್ಟೇ. ಜನ ಸಾಮಾನ್ಯವಾಗಿ ಇದನ್ನು ಮುತ್ತಜ್ಜಿಯರಿಂದ ಉಪ್ಪಿನಕಾಯಿಯ ಹದ ಕೇಳಲು ಬಳಸುತ್ತಾರೆ.

ಕಲ್ಯಾಣ ಮಂಟಪದ ಬುಕಿಂಗಿಗೆಂದು ನೀವು ಕಟ್ಟಿದ ವೆಬ್‌ಪುಟ ಇನ್ನೂ ನಡೆಯುತ್ತಿದೆ. ಅದರ ಮೇಲೆ ಒಬ್ಬರಾದ ಮೇಲೊಬ್ಬರು ಅಟ್ಟ ಏರಿಸಿ, ಈಗ ಮಂಟಪದ ದೀಪ, ಫ್ಯಾನು, ಬಾಗಿಲು ಎಲ್ಲವೂ ಅದರ ಮಾತು ಕೇಳುತ್ತವೆ. ಕೋಡಿನಲ್ಲಿ ಒಂದು ಸಾಲಿನ ಮೇಲೆ ನೀವು ‘ಇದನ್ನು ಯಾರೂ ಮುಟ್ಟಬೇಡಿ’ ಎಂದು ಟಿಪ್ಪಣಿ ಬರೆದಿದ್ದೀರಿ. ಮುನ್ನೂರೈವತ್ತು ವರ್ಷ ಯಾರೂ ಮುಟ್ಟಲಿಲ್ಲ. ಆ ಟಿಪ್ಪಣಿಯ ಅರ್ಥದ ಬಗ್ಗೆ ಒಂಬತ್ತು ಗ್ರಂಥಗಳಿವೆ, ಎರಡು ಪಂಗಡಗಳಿವೆ. ಅವರ ನಡುವೆ ಹೆಣ್ಣು ಕೊಡುವುದು ತರುವುದು ನಿಂತೇಹೋಗಿದೆ.

ಇಂದು ಅದೇ ಮಂಟಪದಲ್ಲಿ ನಮ್ಮೂರ ವೆಬ್ ಡೆವಲಪರ್‌ಗಳ ಸಮ್ಮೇಳನ. ನಾನು ಶಾಲೆ ಕಲಿತವನಲ್ಲ, ನಾಲಿಗೆಯಿಂದ ಮೇಲೆ ಬಂದವನು. ಹನ್ನೊಂದು ವರ್ಷ ಅಲ್ಲಿ ವಂದನಾರ್ಪಣೆ ಮಾಡಿದ್ದೇನೆ. ಈ ಸಲ ಮುಖ್ಯ ಉಪನ್ಯಾಸ ನನ್ನದು. ಗೆದ್ದರೆ ಸಂಘದ ಸದಸ್ಯತ್ವ, ಸೋತರೆ ಸಾಯುವತನಕ ವಂದನಾರ್ಪಣೆ. ವಿಷಯ, ನಿಮ್ಮ ಸಾಲು. ನಲವತ್ತೇಳು ನಿಮಿಷ ಮಾತಾಡಿದೆ. ಇನ್ನೂರ ಹದಿನಾಲ್ಕು ಜನರಲ್ಲಿ ಆಕಳಿಸಿದವರು ಮೂವರೇ. ಅವರಲ್ಲೊಬ್ಬರು ನಮ್ಮ ಬೀಗರು, ಅವರನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ನಮ್ಮಲ್ಲಿ ಕಳಚುಶಾಸ್ತ್ರವೆಂಬ ಪದ್ಧತಿಯಿದೆ. ಉಪನ್ಯಾಸ ಮಾಡಿದವನು ಕೊನೆಗೆ ವೇದಿಕೆಯ ಮೇಲೆಯೇ ಹಳೆಯ ಸಾಲೊಂದನ್ನು ಅಳಿಸಬೇಕು; ನಕಲು ಎಲ್ಲಿಯೂ ಉಳಿಯಕೂಡದು. ಏನೂ ಕೆಡದಿದ್ದರೆ ಅವನು ಬಲ್ಲವನು. ಹುರುಪಿನಲ್ಲಿ ನಾನು ನಿಮ್ಮ ಸಾಲನ್ನೇ ಅಳಿಸಿದೆ. ಚಪ್ಪಾಳೆ ಬಿತ್ತು. ಅದರ ಹಿಂದೆಯೇ ಮಂಟಪದ ಏಳೂ ಬಾಗಿಲಿಗೆ ಬೀಗ ಬಿತ್ತು.

ಅಧ್ಯಕ್ಷೆ ನೀಲಗಂಗಾ ಬಾವಿಕಟ್ಟಿಯವರು ಶಾಂತವಾಗಿಯೇ ಕೇಳಿದರು: “ಏನಿತ್ರೀ ಆ ಸಾಲಿನಾಗ? ಹೇಳ್ರಿ, ತಿರುಗಿ ಬರಿಯೋಣು.”

ನಾನು ಓದಿದ್ದು ಟಿಪ್ಪಣಿಯನ್ನು, ಅದರ ಕೆಳಗಿನ ಸಾಲನ್ನಲ್ಲ. ಮುಂದೆ ಕೂತಿದ್ದ ಎರಡೂ ಪಂಗಡದ ಪಂಡಿತರತ್ತ ನೋಡಿದೆ. ಅವರು ಮೊಟ್ಟಮೊದಲ ಬಾರಿಗೆ ಒಮ್ಮತದಿಂದ ಚಾವಣಿ ನೋಡುತ್ತಿದ್ದರು.

“ಮುಕ್ಕಾಲು ತಾಸು ಮಾತಾಡಿದ್ರಿ, ಒಮ್ಮೆರ ಓದಲಿಲ್ಲೇನ್ರೀ ಫಕೀರಪ್ಪನವರ?” ಎಂದರು ಅಧ್ಯಕ್ಷೆ.

“ಓದೂದು ಆಮ್ಯಾಲ ಓದಲಿ ಬಿಡ್ರೆವಾ,” ಎಂದು ಹಿಂದಿನಿಂದ ಬೀಗರು ಕೂಗಿದರು. “ಹೊರಗ ರೊಟ್ಟಿ ಆರಾಕತ್ತಾವು!”

ಆದ್ದರಿಂದ ತಾಯಿ, ಆ ಸಾಲನ್ನು ಬರೆದು ಕೂಡಲೇ ಕಳಿಸಿ. ಏಕೆ ಬರೆದಿರೆಂಬುದು ನಿಮಗೂ ತಿಳಿಯದಿದ್ದರೆ ಸಂಕೋಚ ಬೇಡ, ಕಾರಣವನ್ನು ನಾನು ಹೊಂದಿಸಿಕೊಳ್ಳುತ್ತೇನೆ. ಇನ್ನೊಂದು ಬಿನ್ನಹ. ಸಾಲನ್ನು ಸಭೆಗೆ ನಾನೇ ಗಟ್ಟಿಯಾಗಿ ಓದಬೇಕು, ಆಗಲೇ ಸದಸ್ಯತ್ವ ಎಂದು ಅಧ್ಯಕ್ಷೆಯ ತೀರ್ಪಾಗಿದೆ. ಉಚ್ಚಾರ ಹೇಗೆಂದು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಬಿಡಿ. ನನಗೆ ಕೋಡು ಓದಲು ಬರುವುದಿಲ್ಲ. ಇದು ನಮ್ಮಿಬ್ಬರಲ್ಲೇ ಇರಲಿ.